ಏಳನೇ ಗ್ರೀನಿನ ಪಕ್ಕದ ಬಂಕರ್

ಮ್ಯಾನೇಜರ್ ಸಾಹೇಬರಿಗೆ ನಮಸ್ಕಾರ.

ನಮ್ಮ ಯಜಮಾನರು ತೀರಿಕೊಂಡ ಮೇಲೆ ಗಾಲ್ಫ್ ಮೈದಾನದ ಅವರ ಕೆಲಸವನ್ನು ನನಗೇ ಕೊಟ್ಟಿರಿ. ಮಳೆಗಾಲದಲ್ಲಿ ಬಂಕರ್‌ಗಳಲ್ಲಿ ಗುಂಡಿಯ ತಳಕ್ಕೆ ಜಾರಿದ ಮರಳನ್ನು ಮೇಲೆಳೆದೆ, ಚಳಿಗಾಲದಲ್ಲಿ ಗ್ರೀನ್‌ಗಳ ನುಣುಪು ಹುಲ್ಲಿನ ಮೇಲಿನ ಇಬ್ಬನಿ ಗುಡಿಸಿದೆ. ಆದರೆ ನೀವು ಹೊಗಳಿದ ಏಳನೇ ಗ್ರೀನಿನ ಬಂಕರನ್ನು ನಾನು ಮುಟ್ಟಿಯೇ ಇಲ್ಲ. ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಮರಳು ಸವರಿರುತ್ತದೆ, ಗೆರೆಗಳು ಎಡಕ್ಕೆ ವಾಲಿರುತ್ತವೆ. ನಮ್ಮ ಯಜಮಾನರು ಎಡಚರು. “ಹಿಂದಕ್ಕೆ ಸರೀತಾ ಸವರ್ಬೇಕು ಕಣೇ, ಹೆಜ್ಜೆ ಉಳೀಬಾರ್ದು” ಅನ್ನುತ್ತಿದ್ದರು. ಅಲ್ಲಿ ಹೆಜ್ಜೆ ಇರುವುದಿಲ್ಲ.

ಬೇಸಿಗೆಯಲ್ಲಿ ಅದನ್ನು ಮುಚ್ಚಿಸುತ್ತೀರಂತೆ. ದಯವಿಟ್ಟು ಬೇಡ. ಮರಳು ಸವರುವ ರೇಕ್ ಕೂಡ ಅಲ್ಲೇ ಇರಲಿ. ಕೆಲಸವಿಲ್ಲದ ದಿನ ಅವರು ಮನೆಯಲ್ಲೇ ಇರುತ್ತಿದ್ದರು. ಅಂಥದೊಂದು ದಿನ ಅವರು ಮುರಿದ ನನ್ನ ಮಣಿಕಟ್ಟು ಚಳಿಗೆ ಇನ್ನೂ ನೋಯುತ್ತದೆ.

ಇಂತಿ,
ಉಳಿದ ಬಂಕರ್‌ಗಳನ್ನು ಸವರುವವಳು