ಕ್ರುಶುನಾ ಜಲಪಾತದ ಮುಂದೆ ನಿನ್ನ ಅಮ್ಮ

ಲೆಟ್ನಿತ್ಸಾ, ಬಲ್ಗೇರಿಯಾ
ಏಪ್ರಿಲ್ ೧೪, ಭಾನುವಾರ

ಮುದ್ದಿನ ಮಗಳು ರಾಲಿತ್ಸಾಳಿಗೆ ಅಪ್ಪನ ನೆನಪುಗಳು.

ಹೇಗಿದ್ದೀ ಪುಟ್ಟೀ? ಕೆಮ್ಮು ಹೋಯಿತೇ? ಫೋನಿನಲ್ಲಿ ಕೇಳಿದರೆ ಹೋಯಿತು ಅನ್ನುತ್ತೀ, ಅನ್ನುವಾಗಲೇ ಕೆಮ್ಮುತ್ತೀ. ವಲೆನ್ಸಿಯಾದಲ್ಲಿ ಬಿಸಿಲಿದೆಯೆಂದು ಕೊರಳಿಗೆ ಏನೂ ಸುತ್ತಿಕೊಳ್ಳದೆ ತಿರುಗಬೇಡ. ಅಮ್ಮ ಒಣಗಿಸಿದ ಲಿಂಡನ್ ಹೂವು ಕಳಿಸುತ್ತಿದ್ದಾಳೆ, ಕುದಿಸಿ ಜೇನುತುಪ್ಪ ಹಾಕಿಕೊಂಡು ಕುಡಿ, ನಿನ್ನ ವಿಸೆಂಟ್‌ಗೂ ಕೊಡು. ನಾವಿಬ್ಬರೂ ಆರಾಮ, ಅಂದರೆ ಬಹುಮಟ್ಟಿಗೆ ಆರಾಮ, ಅದನ್ನು ಮುಂದೆ ಹೇಳುತ್ತೇನೆ. ವಾರವಾರ ಮುಖ ನೋಡಿಕೊಂಡು ಮಾತಾಡುವ ಅಪ್ಪ ಇದ್ದಕ್ಕಿದ್ದಂತೆ ಕಾಗದ ಬರೆಯುತ್ತಿದ್ದಾನಲ್ಲ ಎಂದು ಗಾಬರಿಯಾಗಬೇಡ. ಆ ಫೋನಿನ ಮುಂದೆ ಕೂತರೆ ನಿನ್ನ ಅಮ್ಮನದೇ ದರಬಾರು. ನಿನಗೆ ಕಾಣುವುದು ನನ್ನ ಒಂದು ಕಿವಿ ಮಾತ್ರ. ಆ ಕಿವಿಯ ಆಚೆಗೂ ನಿನಗೊಬ್ಬ ಅಪ್ಪನಿದ್ದಾನೆ, ಅವನಿಗೂ ಹೇಳುವುದಿದೆ. ಆದರೆ ಬರೆದದ್ದನ್ನೆಲ್ಲ ತಾನು ಓದಿದ ಮೇಲೆಯೇ ಲಕೋಟೆಗೆ ಹಾಕಬೇಕೆಂದು ಇಲ್ಲೂ ಅವಳ ಹುಕುಂ ಆಗಿದೆ.

ಮೊದಲು ನನ್ನ ಕ್ಯಾಮೆರಾದ ಸುದ್ದಿ. ಮೂವತ್ತು ವರ್ಷ ಬಸ್ಸು ಓಡಿಸಿದವನು ನಿವೃತ್ತಿಯಾದ ಮೇಲೆ ಟೊಮೆಟೊ ಗಿಡಗಳಿಗೆ ಕೋಲು ಕಟ್ಟಿಕೊಂಡು ಕೂರಬೇಕೆ? ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಿದ್ದ ಮೋಟಾರ್ ಸೈಕಲ್ ಮಾರಿ ಕ್ಯಾಮೆರಾ ತಗೊಳ್ಳಲಾ ಎಂದು ನಿನ್ನ ಅಮ್ಮನನ್ನು ಕೇಳಿದೆ. ಅವಳು ಒಲೆಯ ಮುಂದೆ ನಿಂತಿದ್ದಳು, ತಲೆಯನ್ನು ಆ ಕಡೆ ಈ ಕಡೆ ಆಡಿಸಿದಳು. ನಮ್ಮಲ್ಲಿ ಹಾಗೆ ಆಡಿಸಿದರೆ ಹೂಂ ಎಂದೇ ಅಲ್ಲವೇ? ನೀನು ಸ್ಪೇನಿಗೆ ಹೋದ ಹೊಸತರಲ್ಲಿ ಅಂಗಡಿಯವನು ಚೀಲ ಬೇಕಾ ಅಂದಾಗ ಹೀಗೇ ತಲೆಯಾಡಿಸಿದೆ, ಅಲ್ಲಿ ಅದಕ್ಕೆ ಬೇಡವೆಂದರ್ಥ, ಅವನು ಚೀಲ ಒಳಗಿಟ್ಟ, ನೀನು ಕಿತ್ತಳೆಯನ್ನೆಲ್ಲ ಮಡಿಲಲ್ಲಿ ಹೊತ್ತು ಮನೆಗೆ ಬಂದಿದ್ದೆಯಲ್ಲ, ಅದನ್ನು ನೆನೆಸಿಕೊಂಡು ನಾವು ಈಗಲೂ ನಗುತ್ತೇವೆ. ಇರಲಿ. ಅವಳು ತಲೆಯಾಡಿಸಿದಳು, ನಾನು ಗಾಡಿ ಮಾರಿದೆ. ಕ್ಯಾಮೆರಾ ಮನೆಗೆ ಬಂದ ದಿನ ಅವಳು ಸೂಪಿನ ಬಟ್ಟಲನ್ನು ನನ್ನ ಮುಂದೆ ಕುಕ್ಕಿದ ರೀತಿಗೆ ಮೇಜುಬಟ್ಟೆಯೆಲ್ಲ ತೊಯ್ದುಹೋಯಿತು. ಒಪ್ಪಿದವಳಿಗೆ ಕೋಪ ಯಾಕೆ ಎಂದು ನನಗೆ ಬಗೆಹರಿಯಲಿಲ್ಲ.

ಇಲ್ಲಿ ಫೋಟೊ ಹುಚ್ಚಿರುವವರೆಲ್ಲ ಕೊನೆಗೆ ಬಂದು ನಿಲ್ಲುವುದು ಕ್ರುಶುನಾ ಜಲಪಾತದ ಮುಂದೆಯೇ. ಆ ನೀರನ್ನು ನೊರೆ ನೊರೆಯಾಗಿ ತೆಗೆಯುವುದು ಯಾರಿಗಾದರೂ ಬರುತ್ತದೆ, ರೇಷ್ಮೆಯ ಹಾಗೆ ತೆಗೆಯುವುದರಲ್ಲಿದೆ ಕಸುಬು. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಕೂರಿಸಿ, ಅದರ ಕಣ್ಣನ್ನು ಹತ್ತಿಪ್ಪತ್ತು ಸೆಕೆಂಡು ತೆರೆದೇ ಇಡಬೇಕು. ಅಷ್ಟು ಹೊತ್ತಿನಲ್ಲಿ ಅಲುಗಿದ್ದೆಲ್ಲ ಕರಗಿ ಒಂದಾಗುತ್ತದೆ, ಅಲುಗದ್ದು ಮಾತ್ರ ಇದ್ದ ಹಾಗೇ ಉಳಿಯುತ್ತದೆ. ಹಗಲಿನಲ್ಲಿ ಹಾಗೆ ತೆರೆದಿಟ್ಟರೆ ಪಟವೆಲ್ಲ ಬಿಳಿಚಿಕೊಳ್ಳುತ್ತದಾದ್ದರಿಂದ ಮುಂದೆ ಕಪ್ಪು ಗಾಜು ಬೇಕು. ಅದನ್ನು ನಾನು ಪಕ್ಕದ ಮನೆಯ ಗೆಂಚೊನ ವೆಲ್ಡಿಂಗ್ ಮುಖವಾಡದಿಂದ ಬಿಚ್ಚಿಕೊಂಡೆ. ಪಟಗಳಿಗೆ ಸ್ವಲ್ಪ ಹಸಿರು ಬಣ್ಣ ಬರುತ್ತದೆ, ಪಾಚಿಯಿರುವ ಜಾಗಕ್ಕೆ ಒಪ್ಪುತ್ತದೆ ಬಿಡು. ಮೊದಲ ಪಟ ನೋಡಿ ಗೆಂಚೊ, ಇದಕ್ಕಿಷ್ಟು ಸೌತೆಕಾಯಿ ಬೆಳ್ಳುಳ್ಳಿ ಹೆಚ್ಚಿಹಾಕು ಮಾರಾಯ, ಮೊಸರಿನ ಸೂಪಾಗುತ್ತೆ ಅಂದ. ಅವನಿಗೇನು ಗೊತ್ತು.

ನಿನ್ನ ಮದುವೆಯ ವಿಷಯ ನೀನು ಹೇಳಿದಂತೆಯೇ ನಡೆಯಲಿ. ಜೂನಿನಲ್ಲಿ ಅಲ್ಲೇ ಕಚೇರಿಯಲ್ಲಿ ಸಹಿ ಹಾಕಿ ಮುಗಿಸುತ್ತೇವೆ, ನೀವು ಅಷ್ಟು ದೂರ ಬಂದು ಸುಸ್ತಾಗೋದು ಬೇಡ, ಸರಿ ತಾನೇ ಅಮ್ಮಾ ಎಂದು ಮೊನ್ನೆ ಮಾರ್ಚಿನಲ್ಲಿ ನೀನು ಫೋನಿನಲ್ಲಿ ಕೇಳಿದೆ. ಅವಳ ತಲೆ ಆ ಕಡೆ ಈ ಕಡೆ ಆಡಿದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ. ನನ್ನ ಬಂಗಾರದ ಅಮ್ಮ ಅಂದು ನೀನು ಕಣ್ಣೊರೆಸಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಆಶ್ಚರ್ಯವಾಗಿತ್ತು. ನಿನ್ನ ಮದುವೆಯ ಶಾಸ್ತ್ರದ ರೊಟ್ಟಿ ಹೊರಲೆಂದು ಅಜ್ಜಿ ನೇಯ್ದ ಕೆಂಪಂಚಿನ ಬಟ್ಟೆಯನ್ನು ನೀನು ತೊಟ್ಟಿಲಲ್ಲಿದ್ದಾಗಿನಿಂದ ಕಾಪಾಡಿಕೊಂಡು ಬಂದವಳು ಅವಳು. ಆದರೆ ಈ ವರ್ಷ ಅವಳು ಎಲ್ಲದಕ್ಕೂ ಒಪ್ಪುತ್ತಿದ್ದಳು. ಪಿಂಚಣಿದಾರರ ಸಂಘದ ಹಾಡಿನ ಮೇಳಕ್ಕೆ ಮುಖ್ಯಸ್ಥೆಯಾಗುತ್ತೀರಾ ಅಂದರಂತೆ, ಆದಳು. ಅವಳ ಶಾರೀರ ನಿನಗೆ ಗೊತ್ತೇ ಇದೆ. ಉಗ್ರಾಣದಲ್ಲಿ ಅರೆದ ಸಾಸಿವೆಯ ಬಾಟಲಿಗಳ ಸಾಲು ಬೆಳೆಯುತ್ತಲೇ ಇತ್ತು, ನಮ್ಮ ಮನೆಯಲ್ಲಿ ಸಾಸಿವೆ ತಿನ್ನುವವರು ಯಾರು? (ಈ ಸಾಲು ಹೊಡೆದುಹಾಕು ಅನ್ನುತ್ತಿದ್ದಾಳೆ. ಹೊಡೆಯುವುದಿಲ್ಲ.) ವಯಸ್ಸಾದ ಮೇಲೆ ಮೆತ್ತಗಾದಳು ಎಂದು ನಾನು ಒಳಗೊಳಗೇ ಖುಷಿಪಟ್ಟಿದ್ದೆ.

ಮೇ ತಿಂಗಳಿಗೆ ಊರಿನ ಗ್ರಂಥಾಲಯದ ಹಜಾರದಲ್ಲಿ ಫೋಟೊ ಪ್ರದರ್ಶನ ಇಡುತ್ತಾರೆ. ಬರೀ ನೀರಿದ್ದರೆ ಜಲಪಾತದ ಎತ್ತರ ಗೊತ್ತಾಗುವುದಿಲ್ಲ, ಒಬ್ಬ ಮನುಷ್ಯ ಇರಬೇಕು ಅಂತ ನಿನ್ನ ಅಮ್ಮನನ್ನು ಕರೆದುಕೊಂಡು ಹೋದೆ. ಮರದ ಸೇತುವೆಯ ಮೇಲೆ ನಿಲ್ಲಿಸಿ, ಇಪ್ಪತ್ತು ಎಣಿಸುವವರೆಗೆ ಅಲುಗಬೇಡ ಅಂದೆ. ಮನೆಗೆ ಬಂದು ನೋಡಿದರೆ ಸೇತುವೆಯ ಮೊಳೆ ಕಾಣುತ್ತಿತ್ತು, ಅವಳ ಕೋಟಿನ ಗುಂಡಿಗಳು ಕಾಣುತ್ತಿದ್ದವು, ಕೈಯಲ್ಲಿದ್ದ ಬುಟ್ಟಿಯ ಹೆಣಿಗೆ ಕಾಣುತ್ತಿತ್ತು. ಮುಖ ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ ಅಳಿಸಿಹೋಗಿತ್ತು. ಮಾತಾಡಿದ್ದೀ ನೀನು ಅಂತ ಬೈದೆ. ತುಟಿ ಬಿಚ್ಚಿಲ್ಲ ಅಂದಳು. ಮತ್ತೆ ಕರೆದುಕೊಂಡು ಹೋದೆ, ಮತ್ತೆ ಹಾಗೇ. ಮೂರನೇ ಸಲ ಅಲ್ಲೇ ಸೇತುವೆಯ ಹತ್ತಿರವೇ ಕ್ಯಾಮೆರಾದ ಹಿಂದಿನ ಪರದೆ ನೋಡಿ ನನ್ನ ತಾಳ್ಮೆ ಕೆಟ್ಟಿತು. ಟಿಕೆಟಿಲ್ಲದೆ ಹತ್ತಿದವರನ್ನು ಗದರುತ್ತಿದ್ದ ಗಂಟಲು ಗೊತ್ತಲ್ಲ, ಅದರಲ್ಲೇ ಕೂಗಿದೆ: "ಇಪ್ಪತ್ತು ಎಣಿಸೋವರ್ಗೂ ತಲೆ ನೆಟ್ಟಗಿಟ್ಕೊಂಡಿರೋಕೆ ಆಗಲ್ವೇನೇ ಮಿನ್ಕಾ?"

"ಆಗಲ್ಲ ಕಣೋ ದೋಬ್ರಿ," ಅಂದಳು. "ಚಳಿಗಾಲದಿಂದ್ಲೂ ಆಗ್ತಿಲ್ಲ. ಅದು ತಾನಾಗೇ ಆಡುತ್ತೆ."

ಬುಟ್ಟಿ ಕೆಳಗಿಟ್ಟು ಎರಡೂ ಕೈಯಿಂದ ತಲೆಯನ್ನು ಹಿಡಿದು ತೋರಿಸಿದಳು. ಕೈಬಿಟ್ಟ ಕೂಡಲೇ ಸಣ್ಣಗೆ, ಆ ಕಡೆ ಈ ಕಡೆ. ನೋಡು ಮಗಳೇ, ಒಂದೇ ಮೇಜಿನಲ್ಲಿ ಉಣ್ಣುತ್ತೇನೆ, ಒಂದೇ ಹಾಸಿಗೆಯಲ್ಲಿ ಮಲಗುತ್ತೇನೆ, ನನ್ನ ಕಣ್ಣು ನೋಡದೇ ಇದ್ದದ್ದನ್ನು ಆ ಡಬ್ಬಿಯ ಕಣ್ಣು ನೋಡಿತ್ತು. ನೋಡಿಲ್ಲ ಅಂತಲೂ ಅಲ್ಲ, ನೋಡಿ ಹೂಂ ಅಂದುಕೊಂಡಿದ್ದೆ. ಅಂಗಡಿಯವಳು ಸಾಸಿವೆ ಕೂಡ ಹಾಕಲಾ ಅಂತ ಕೇಳುತ್ತಾಳೆ, ಇವಳ ತಲೆ ಆಡುತ್ತದೆ, ಬೇಡ ಎಂದು ಬಾಯಿ ತೆರೆಯುವ ಹೊತ್ತಿಗೆ ಬಾಟಲಿ ಚೀಲದಲ್ಲಿರುತ್ತದೆ. ಕಾಯಿಲೆ ಅಂತ ಹೇಳಿಕೊಳ್ಳುವುದಕ್ಕಿಂತ ಸಾಸಿವೆ ಹೊತ್ತು ತರುವುದೇ ಮೇಲು ಅನ್ನಿಸಿತಂತೆ. ಮೋಟಾರ್ ಸೈಕಲ್ಲೂ ಹಾಗೇ ಹೋದದ್ದು. ಅದರಲ್ಲಿ ತಾನೇ ನಾನು ಅವಳನ್ನು ಮದುವೆಗೆ ಮುಂಚೆ ಲೋವೆಚ್‌ಗೆ ಕರೆದುಕೊಂಡು ಹೋಗುತ್ತಿದ್ದದ್ದು. ಇನ್ನೂ ಯಾವುದಕ್ಕೆಲ್ಲ ಹೀಗೆ ಒಪ್ಪಿದ್ದೀ ಎಂದು ಕೇಳಿದೆ. ಇಲ್ಲಿಗೆ ಸಾಕು, ಡಾಕ್ಟರ ವಿಷಯ ಬರೆ ಅನ್ನುತ್ತಿದ್ದಾಳೆ.

ಮರುದಿನವೇ ಪ್ಲೆವೆನ್‌ಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿದೆವು. ನಾವು ಹೆದರಿದ್ದ ರೋಗ ಅಲ್ಲವಂತೆ. ನರಗಳ ನಡುಕ, ಪ್ರಾಣಕ್ಕೇನೂ ಅಪಾಯವಿಲ್ಲ, ಮಾತ್ರೆಯಿಂದ ಕಡಿಮೆಯಾಗಬಹುದು, ಪೂರ್ತಿ ಹೋಗುವುದಿಲ್ಲ. ಎಲ್ಲಿಗೆ ಬೇಕಾದರೂ ಹೋಗಿ, ಏನು ಬೇಕಾದರೂ ತಿನ್ನಿ ಅಂದರು. ಎಲ್ಲಾ ಅರ್ಥವಾಯಿತೇ ಎಂದು ಕೊನೆಗೆ ಡಾಕ್ಟರು ಕೇಳಿದಾಗ ಇವಳ ತಲೆ ಆಡಿತು. ಡಾಕ್ಟರು ಪೆನ್ನು ಕೆಳಗಿಟ್ಟು, ಬಾಯಲ್ಲಿ ಹೇಳಿಯಮ್ಮಾ ಅಂದರು. ಮೂವರೂ ನಕ್ಕೆವು. ಬಸ್ಸಿನಲ್ಲಿ ವಾಪಸ್ಸು ಬರುವಾಗ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು, ನನಗೆ ಅಳು ಬಂತು.

ಜೊತೆಗಿಟ್ಟಿರುವ ಪಟ ಕಳೆದ ಶುಕ್ರವಾರದ್ದು. ಗುಂಡಿ ಒತ್ತಿದವನು ಗೆಂಚೊ. ನಾನು ಸೇತುವೆಯ ಮೇಲೆ ಅವಳ ಹಿಂದೆ ನಿಂತು, ಅವಳ ತಲೆಯನ್ನು ನನ್ನ ಕೆನ್ನೆಗೆ ಒತ್ತಿಕೊಂಡು ಹಿಡಿದೆ. ಗೆಂಚೊ ಇಪ್ಪತ್ತು ಎಣಿಸಿದ, ಬೇಕೆಂದೇ ನಿಧಾನವಾಗಿ ಎಣಿಸಿದ ಕಳ್ಳ. ನೀರೆಲ್ಲ ಹಾಲಾಗಿ ಹರಿದಿದೆ, ನಿನ್ನ ಅಮ್ಮನ ಮುಖ ಹುಬ್ಬಿನ ಮಚ್ಚೆಯ ಸಮೇತ ಬಂದಿದೆ ನೋಡು. ನನ್ನ ಮೂಗು ಅಷ್ಟು ದಪ್ಪಗಿಲ್ಲ, ಅದು ಗಾಜಿನ ದೋಷ. ಪ್ರದರ್ಶನಕ್ಕೆ ಇಡುತ್ತೇನೆ ಅಂದೆ. ಊರವರ ಮುಂದೆ ಈ ವಯಸ್ಸಲ್ಲಿ ತಬ್ಬಿಕೊಂಡು ನಿಲ್ಲೋದಾ ಅಂದಳು. ತಲೆ ಮಾತ್ರ ಹೂಂ ಅನ್ನುತ್ತಿತ್ತು. ಇಡುತ್ತೇನೆ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಇಬ್ಬರೂ ಹೊತ್ತಿಗೆ ಸರಿಯಾಗಿ ಉಣ್ಣಿ. ಈಸ್ಟರಿಗೆ ನಿನ್ನ ಹೆಸರಲ್ಲೂ ಒಂದು ಕೆಂಪು ಮೊಟ್ಟೆ ಒಡೆಯುತ್ತೇವೆ. ವಿಸೆಂಟ್‌ಗೆ ನಮ್ಮಿಬ್ಬರ ಹಾರೈಕೆ.

ನಿನ್ನ ಅಪ್ಪ,
ದೋಬ್ರಿ

ಮರೆತ ಮಾತು: ಇದನ್ನು ಸೋಮವಾರ ಬೆಳಿಗ್ಗೆ ಅಂಚೆ ಕಚೇರಿಯ ಕಟ್ಟೆಯ ಮೇಲೆ ನಿಂತು ಬರೆಯುತ್ತಿದ್ದೇನೆ. ನಿನ್ನ ಅಮ್ಮ ತಾನೇ ಅಂಟಿಸಿ ಕೊಟ್ಟ ಲಕೋಟೆ ಬಿಚ್ಚಿದ್ದೇನೆ, ಹೇಳಬೇಡ. ಮಾರ್ಚಿನಲ್ಲಿ ನೀನು ಕೇಳಿದಾಗ ಅವಳು ಒಪ್ಪಿರಲಿಲ್ಲ ಮಗಳೇ. ಬೇಡ, ನಾನು ಬರ್ತೀನಿ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ನೀನು ಸಂತೋಷದಿಂದ ಅಳುತ್ತಿದ್ದೆಯಂತೆ, ನುಂಗಿಕೊಂಡಳು. ಆ ಕೆಂಪಂಚಿನ ಬಟ್ಟೆಗೆ ಮತ್ತೆ ಇಸ್ತ್ರಿ ಹಾಕಿ ದಿಂಬಿನ ಕೆಳಗಿಟ್ಟುಕೊಂಡಿದ್ದಾಳೆ. ಈ ಕಾಗದ ಕೈಸೇರಿದ ಮೇಲೆ ಬರುವ ಭಾನುವಾರ ಫೋನು ಮಾಡಿ ಇನ್ನೊಂದು ಸಲ ಅದನ್ನೇ ಕೇಳು. ಈ ಸಲ ತಲೆಯನ್ನು ನಾನು ಹಿಡಿದುಕೊಂಡಿರುತ್ತೇನೆ.