ಆರನೇ ಬೆಡ್ಡಿನ ಫ್ಲಾಸ್ಕು

ಮಾರ್ಚ್ 3, ಸೋಮವಾರ. ಮಧ್ಯಾಹ್ನ 2.40

ಡ್ಯೂಟಿ ಮುಗಿಯಿತು. ಕಾಲು ಸ್ಟೂಲಿನ ಮೇಲೆ, ಪುಸ್ತಕ ತೊಡೆಯ ಮೇಲೆ. ಇವತ್ತೂ ಆಯಾಗೆ ಉಗಿದು ಉಪ್ಪಿನಕಾಯಿ ಹಾಕಿದೆ. ಮೂರನೇ ಬೆಡ್ಡಿನ ಮೂತ್ರದ ಬಾಟಲಿ ಹತ್ತು ನಿಮಿಷ ಹಾಗೇ ಕೂತಿತ್ತು. ನನ್ನ ವಾರ್ಡಿನ ಕಾನೂನು ಎಲ್ಲರಿಗೂ ಗೊತ್ತು — ಅಳತೆ ಬರೆ, ಚೆಲ್ಲು, ತೊಳೆ. ಐದೇ ನಿಮಿಷ. ಹನ್ನೆರಡು ವರ್ಷದಿಂದ ನಡೆಸಿಕೊಂಡು ಬಂದಿದ್ದೇನೆ. ಬೇರೆ ವಾರ್ಡುಗಳ ಬಾಗಿಲಲ್ಲೇ ಮೂಗು ಮುಚ್ಚಬೇಕು. ನನ್ನಲ್ಲಿ ಫಿನಾಯಿಲ್ ಬಿಟ್ಟರೆ ಬೇರೆ ವಾಸನೆ ಇಲ್ಲ.

"ಮಂಡಿ ನೋವು ಸಿಸ್ಟರಮ್ಮ, ಬಾತ್‌ರೂಮು ಆ ತುದೀಲಿದೆ," ಅಂದಳು. ಕ್ಯಾಂಟೀನಿಗೆ ಹೋಗುವಾಗ ಎಲ್ಲಿರುತ್ತೋ ಆ ನೋವು.

ಆರನೇ ಬೆಡ್ಡಿಗೆ ಒಬ್ಬಳು ಬಂದಿದ್ದಾಳೆ. ಆರು ತಿಂಗಳಲ್ಲಿ ಮೂರನೇ ಸಲ. ಸ್ಕೂಲಿನಲ್ಲಿ ಪೀಟಿ ಟೀಚರ್, ಇಪ್ಪತ್ತೇಳು ವಯಸ್ಸು. ಕತ್ತಿನಲ್ಲಿ ಇನ್ನೂ ವಿಸಿಲ್ ನೇತಾಡುತ್ತಿತ್ತು. ಹೊಟ್ಟೆನೋವು ಅಂತ ಬೆಡ್ಡೆಲ್ಲ ಹೊರಳಾಟ. ಸ್ಕ್ಯಾನಿನಲ್ಲಿ ಏನೂ ಇಲ್ಲ. ಒತ್ತಿ ನೋಡಿದರೆ ಹೊಟ್ಟೆ ಮೆತ್ತಗಿದೆ. ಹೋದ ಸಲ ಅಪೆಂಡಿಕ್ಸ್ ತೆಗೆದರು, ಅದೂ ನೆಟ್ಟಗೇ ಇತ್ತಂತೆ. ಪಾಪ, ಅಪೆಂಡಿಕ್ಸು.

ಹೊಸ ಡಾಕ್ಟರು ಕೇಳಿದರು, "ಏನನ್ಸುತ್ತೆ ಸಿಸ್ಟರ್?" ಚಿಕ್ಕ ವಯಸ್ಸು, ಶೂ ಲೇಸು ಯಾವಾಗಲೂ ಬಿಚ್ಚಿಕೊಂಡೇ ಇರುತ್ತೆ, ಆದರೆ ಕೇಳುವ ಬುದ್ಧಿ ಇದೆ.

"ನಾಟಕ ಡಾಕ್ಟ್ರೇ. ಮೂವತ್ತೊಂದು ವರ್ಷದಿಂದ ನೋಡ್ತಿದೀನಿ."

"ಪಲ್ಸು ನೂರಾ ಮೂವತ್ತಿದೆಯಲ್ಲ, ನಾಟಕದಲ್ಲಿ ಪಲ್ಸೂ ಕುಣಿಯುತ್ತಾ?"

ಅಷ್ಟು ಅತ್ತರೆ ಕುಣಿಯದೆ ಇನ್ನೇನು. ಚಾರ್ಟು ಬರೆದೆ. ಮೂತ್ರ 900 ಎಂ.ಎಲ್., ಬಣ್ಣ ಸಾಮಾನ್ಯ.

ಮಾರ್ಚ್ 4, ಮಂಗಳವಾರ

ಟೀಚರಿಗೆ ಗಂಡ ಇದ್ದಾನೆ, ಹಡಗಿನಲ್ಲಿ ಕೆಲಸ, ವರ್ಷಕ್ಕೆರಡು ಸಲ ಮನೆ. ನೋಡಿಕೊಳ್ಳುವುದಕ್ಕೆ ನಾದಿನಿ, ಗಂಡನ ತಂಗಿ. ಇಪ್ಪತ್ತಮೂರೋ ನಾಲ್ಕೋ. ಮೆಡಿಕಲ್ ಶಾಪಿನಲ್ಲಿ ಕೆಲಸವಂತೆ.

ಕಿವಿ ನೆಟ್ಟಗಾಯಿತು. ಮೆಡಿಕಲ್ ಶಾಪು ಅಂದರೆ ಯಾವ ಮಾತ್ರೆ ಬೇಕಾದರೂ ಕೈಗೆಟುಕುತ್ತೆ.

ಒಂದು ಕೆಂಪು ಫ್ಲಾಸ್ಕು ತರುತ್ತಾಳೆ. ಸ್ಕ್ರೀನ್ ಎಳೆದುಕೊಂಡು ಲೋಟಕ್ಕೆ ಬಗ್ಗಿಸಿ, "ಒಂದೇ ಗುಟುಕು ಅತ್ತಿಗೆ, ನನ್ನ ಬಂಗಾರ ಅಲ್ವಾ," ಅಂತ ಕುಡಿಸುತ್ತಾಳೆ. ಸ್ಕ್ರೀನ್ ಯಾಕೆ ಬೇಕು? ಅತ್ತಿಗೆ ಮೇಲೆ ಇಷ್ಟು ಪ್ರೀತಿಯ ನಾದಿನಿಯನ್ನು ನಾನಂತೂ ಎಲ್ಲೂ ಕಂಡಿಲ್ಲ. ನನಗೂ ಇಬ್ಬರಿದ್ದರು. ಬೆಳ್ಳಗಿರುವುದೆಲ್ಲ ಹಾಲಲ್ಲ.

"ಏನಮ್ಮ ಅದು?"

"ನಿಂಬೆಹಣ್ಣಿನ ಶರಬತ್ತು ಸಿಸ್ಟರ್. ಸಕ್ಕರೆ ಜಾಸ್ತಿ ಹಾಕಿದೀನಿ. ಸಿಹಿ ಹೊಟ್ಟೆಗೆ ಹೋದ್ರೆ ಅತ್ತಿಗೆಗೆ ನೋವು ಕಮ್ಮಿ ಆಗುತ್ತೆ. ಡಾಕ್ಟರಿಗೂ ಹೇಳ್ದೆ, ನಕ್ಕರು."

ನಾನೂ ನಕ್ಕೆ. ಶರಬತ್ತಿನಲ್ಲಿ ನೋವು ಹೋಗುವುದಾದರೆ ನಮಗೆಲ್ಲ ಸಂಬಳ ಯಾಕೆ ಕೊಡಬೇಕು? ಟೀಚರು ಒಂದು ತಿಂಗಳಿಂದ ಒಂದೇ ಹೊತ್ತು ಊಟ ಮಾಡುತ್ತಿದ್ದಳಂತೆ, ಸ್ಪೋರ್ಟ್ಸ್ ಡೇ ಹೊತ್ತಿಗೆ ತೂಕ ಇಳಿಸಬೇಕು ಅಂತ. ಅದನ್ನೂ ಬರೆದುಕೊಂಡೆ.

ಮಾರ್ಚ್ 6, ಗುರುವಾರ. 1.15

ಬೇಕಂತಲೇ ಪರೀಕ್ಷೆ ಮಾಡಿದೆ. ಫ್ಲಾಸ್ಕು ತೆರೆಯುವಾಗ ಎದುರಿಗೆ ಹೋಗಿ ನಿಂತೆ.

"ಮೊದಲು ನೀನು ಕುಡಿದು ತೋರಿಸು."

ಹುಡುಗಿಯ ಮುಖ ಸುಣ್ಣ ಬಳಿದ ಗೋಡೆಯಾಯಿತು. "ನಾನು ಕುಡಿಯಲ್ಲ."

"ಯಾಕೆ?"

"ಕುಡಿಯಲ್ಲ ಅಂದ್ರೆ ಕುಡಿಯಲ್ಲ. ನಾನೇನು ವಿಷ ಹಾಕೋಳ ಥರ ಕಾಣ್ತೀನಾ?"

ವಿಷ ಅನ್ನುವ ಮಾತು ನನ್ನ ಬಾಯಿಂದ ಬಂದಿರಲಿಲ್ಲ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಟೀಚರು ಮಲಗಿದಲ್ಲಿಂದಲೇ ಏನೋ ಹೇಳಲು ಬಾಯಿ ತೆರೆದಳು. ನಾದಿನಿ ಅವಳ ಕೈ ಒತ್ತಿ ಸುಮ್ಮನಾಗಿಸಿದಳು. ಕಣ್ಣಾರೆ ನೋಡಿದೆ.

ಫ್ಲಾಸ್ಕು ಕಿತ್ತುಕೊಂಡು ನನ್ನ ಬೀರುವಿಗೆ ಹಾಕಿ ಬೀಗ ಜಡಿದೆ.

ಮಾರ್ಚ್ 7, ಶುಕ್ರವಾರ

ನಾದಿನಿ ಸಿಕ್ಕಿಬಿದ್ದಳು. ಬ್ಯಾಗು ಬೆಂಚಿನ ಮೇಲಿಟ್ಟು ಬಾತ್‌ರೂಮಿಗೆ ಹೋಗಿದ್ದಳು, ಜಿಪ್ ಅರ್ಧ ತೆರೆದಿತ್ತು. (ಸರಿ, ನಾನೇ ಇನ್ನರ್ಧ ತೆರೆದೆ. ಯಾರೂ ಓದದ ಪುಸ್ತಕದಲ್ಲಿ ಸುಳ್ಳು ಯಾಕೆ.) ಒಳಗೆ ಸಣ್ಣ ಸಿರಿಂಜುಗಳು, ಇನ್ಸುಲಿನ್ ಬಾಟಲಿ. ಟೀಚರಿಗೆ ಸಕ್ಕರೆ ಕಾಯಿಲೆ ಇಲ್ಲ.

"ಯಾರದು ಇದು?"

"ನಂದು." ಅಷ್ಟೇ. ಬ್ಯಾಗು ಕಿತ್ತುಕೊಂಡು ಜಿಪ್ ಎಳೆದಳು.

ಡಾಕ್ಟರಿಗೆ ಹೇಳಿದೆ. ಟೀಚರಿನ ಸಕ್ಕರೆ ನೋಡಿಸಿದರು, ಸರಿಯಾಗಿಯೇ ಇದೆ. "ಅವಸರ ಬೇಡ ಸಿಸ್ಟರ್," ಅಂದರು. ಅವಸರ ಅಂತೆ! ಹೆಣ ಬಿದ್ದ ಮೇಲೆ ನಿಧಾನವಾಗಿ ನೋಡೋಣವಾ? ಮೇಲಿನವರಿಗೆ ನಾನೇ ಬರೆದುಕೊಟ್ಟೆ. ನಾದಿನಿಗೆ ಗೇಟ್ ಬಂದ್. ಫ್ಲಾಸ್ಕಿನಲ್ಲಿ ಉಳಿದಿದ್ದು ಲ್ಯಾಬಿಗೆ. ಹಡಗಿನ ಗಂಡನಿಗೆ ಫೋನು ಹಚ್ಚಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಎರಡು ಸಲ ಹೇಳಿಸಿಕೊಂಡ. ಆಮೇಲೆ, "ನೀವು ಹೇಳಿದ ಹಾಗೇ ಮಾಡಿ ಸಿಸ್ಟರ್," ಅಂದ.

ಟೀಚರು ಅತ್ತಳು. "ಅವಳನ್ನ ಬಿಡಿ ಸಿಸ್ಟರ್, ಅವಳು ಹಾಗಲ್ಲ." ಮೋಸ ಹೋಗುವವರೆಲ್ಲ ಹೀಗೇ ಹೇಳುತ್ತಾರೆ.

ಮಾರ್ಚ್ 9, ಭಾನುವಾರ

ರಜೆ ಇದ್ದರೂ ಬಂದೆ. ಟೀಚರಿನ ನೋವು ಇಳಿಯಲಿಲ್ಲ, ಏರಿತು. ಬರೀ ಸಲೈನ್ ಹೋಗುತ್ತಿದೆ. ಆಸ್ಪತ್ರೆಯ ಊಟ ಮುಟ್ಟುವುದಿಲ್ಲ. ವಿಷ ಇಳಿಯಲು ಟೈಮು ಬೇಕು ಅಂದುಕೊಂಡೆ.

ಹನ್ನೊಂದು ಗಂಟೆಗೆ ಫಿಟ್ಸ್ ಬಂತು. ನಾನೇ ತಲೆ ಹಿಡಿದುಕೊಂಡಿದ್ದೆ. ಡಾಕ್ಟರು ಫಿಟ್ಸಿನ ಇಂಜೆಕ್ಷನ್ ಬರೆದರು, ನಾನೇ ಕೊಟ್ಟೆ. ಶಾಂತವಾದಳು.

ಆಯಾ ಬಂದು, "ಆ ಹುಡುಗಿ ದಿನಾ ಗೇಟ್ ಹತ್ರಾನೇ ನಿಂತಿರುತ್ತೆ ಸಿಸ್ಟರಮ್ಮ, ಬೇರೆ ಫ್ಲಾಸ್ಕ್ ಹಿಡ್ಕೊಂಡು," ಅಂದಳು.

"ನಿಲ್ಲಲಿ," ಅಂದೆ.

ಮಾರ್ಚ್ 11, ಮಂಗಳವಾರ

ಟೀಚರಿಗೆ ಕಾಲು ಎತ್ತಲು ಆಗುತ್ತಿಲ್ಲ. ಕೈಯಲ್ಲಿ ಬೆಲ್ ಒತ್ತುವಷ್ಟೂ ಬಲ ಇಲ್ಲ. ಇಂಜೆಕ್ಷನ್ ದಿನಕ್ಕೆ ಎರಡು ಹೋಗುತ್ತಿದೆ. ದೊಡ್ಡ ಡಾಕ್ಟರು ಐದು ನಿಮಿಷ ನೋಡಿ ಮನಸ್ಸಿನ ವಾರ್ಡಿಗೆ ಕಳಿಸಿ ಅಂದರು. ಹೊಸ ಡಾಕ್ಟರು ಎರಡು ದಿನ ಟೈಮು ಕೇಳಿಕೊಂಡರು.

ನನಗೆ ಮೊದಲ ಸಲ ಭಯವಾಯಿತು. ನಾಟಕದವರ ಮಂಡಿಗೆ ಬಡಿದರೆ ಕಾಲು ಹಾರುತ್ತೆ. ಇವಳದು ಹಾರಲಿಲ್ಲ. ವಿಷವಾದರೆ ನಾದಿನಿ ದೂರವಾಗಿ ನಾಲ್ಕು ದಿನವಾಯಿತು, ಇಳಿಯಬೇಕಿತ್ತು. ಮತ್ತೆ ಯಾರು? ಅಡುಗೆಯವನಾ? ಆಯಾನಾ?

ಮಾರ್ಚ್ 12, ಬುಧವಾರ. 12.30

ಹೌದು, ಆಯಾ ಮೇಲೂ ಕಣ್ಣಿಟ್ಟೆ. ಅದಕ್ಕೇ ಕಂಡಿತು. ಆರನೇ ಬೆಡ್ಡಿನ ಹಿಂದೆ, ಕಿಟಕಿಯ ಕಟ್ಟೆಯ ಮೇಲೆ, ಪರದೆಯ ಹಿಂದೆ ಬಚ್ಚಿಟ್ಟ ಮೂತ್ರದ ಬಾಟಲಿ. ಬಿಸಿಲು ನೇರ ಅದರ ಮೇಲೆ. ಒಳಗೆ ಹಳೇ ಡಿಕಾಕ್ಷನ್ನಿನ ಬಣ್ಣ, ಅಂಚಿನಲ್ಲಿ ಕೆಂಪು.

"ಯಾರದೇ ಇದು?"

"ಗೊತ್ತಿಲ್ಲ ಸಿಸ್ಟರಮ್ಮ."

"ಯಾರಿಟ್ಟಿದ್ದು?"

"ನಾನಲ್ಲ, ದೇವರಾಣೆ!"

ಬಾಟಲಿಯ ಮೇಲೆ ಆರು ಅಂತ ನನ್ನದೇ ಕೈಬರಹದ ಪಟ್ಟಿ. ಬೆಳಿಗ್ಗೆ ಏಳಕ್ಕೆ ಟೀಚರಿಂದ ತೆಗೆದಾಗ ತಿಳಿ ಹಳದಿ ಇತ್ತು, ನಾನೇ ಬರೆದಿದ್ದೇನೆ. ಮೊದಲು ಹೊಳೆದಿದ್ದು — ಯಾರೋ ಏನೋ ಬೆರೆಸಿದ್ದಾರೆ. ಆದರೆ ಗೇಟು ಬಂದ್. ಬೆರೆಸುವವರು ಯಾರು?

ಚೆಲ್ಲಲಿಲ್ಲ. ಹನ್ನೆರಡು ವರ್ಷದಲ್ಲಿ ಮೊದಲ ಸಲ.

ಮಾರ್ಚ್ 13, ಗುರುವಾರ. 3.50

ಬೆಳಿಗ್ಗೆ ಹೊಸದಾಗಿ ತೆಗೆದು ಎರಡು ಭಾಗ ಮಾಡಿದೆ. ಒಂದು ಬೀರುವಿನೊಳಗೆ, ಬೀಗ. ಒಂದು ಕಿಟಕಿಗೆ. ಅಲ್ಲೇ ಕುರ್ಚಿ ಹಾಕಿ ಕೂತೆ, ಯಾರೂ ಮುಟ್ಟಬಾರದು ಅಂತ. ಊಟಕ್ಕೂ ಏಳಲಿಲ್ಲ. ಹತ್ತಕ್ಕೆ ಹಳದಿ. ಹನ್ನೆರಡಕ್ಕೆ ಚಹಾ. ಎರಡಕ್ಕೆ ಡಿಕಾಕ್ಷನ್. ಬೀರುವಿನದು ಹಳದಿಯಾಗಿಯೇ ಇದೆ.

ಯಾರೂ ಏನೂ ಬೆರೆಸಿಲ್ಲ. ಅವಳ ಮೈಯಿಂದಲೇ ಬರುತ್ತಿದೆ.

ಎರಡೂ ಬಾಟಲಿ ಹಿಡಿದು ಡಾಕ್ಟರ ರೂಮಿಗೆ ಓಡಿದೆ. ಈ ವಯಸ್ಸಿನಲ್ಲಿ ಓಡಿದೆ. ಅವರು ಕುರ್ಚಿ ಬೀಳಿಸಿಕೊಂಡು ಎದ್ದರು.

"ಪೋರ್ಫೈರಿಯಾ ಸಿಸ್ಟರ್! ನಾನು ಪುಸ್ತಕದಲ್ಲಿ ಓದಿದ್ದು ಬಿಟ್ರೆ ನೋಡಿಲ್ಲ. ಹುಟ್ಟಿನಿಂದ ಬರೋ ಕೊರತೆ, ರಕ್ತಕ್ಕೆ ಬಣ್ಣ ಕೊಡೋ ವಸ್ತು ಅರ್ಧಕ್ಕೇ ನಿಂತು ಮೈಯಲ್ಲಿ ತುಂಬ್ಕೊಳ್ಳುತ್ತೆ, ಮೂತ್ರದಲ್ಲಿ ಹೊರಗೆ ಬಂದು ಬಿಸಿಲಿಗೆ ಕಪ್ಪಾಗುತ್ತೆ. ಉಪವಾಸ ಬಿದ್ರೆ ಕೆರಳುತ್ತೆ. ಕೆಲವು ಔಷಧಿಗೂ ಕೆರಳುತ್ತೆ." ಅಲ್ಲಿಗೆ ಅವರ ದನಿ ಇಳಿಯಿತು. "ನಾವು ಫಿಟ್ಸ್‌ಗೆ ಕೊಡ್ತಿದೀವಲ್ಲ, ಅದಕ್ಕೂ."

"ಮದ್ದೇನು ಡಾಕ್ಟ್ರೇ?"

"ಆ ಇಂಜೆಕ್ಷನ್ ಈಗಲೇ ನಿಲ್ಸಿ. ಅಸಲಿ ಔಷಧಿ ಹೊರಗಿನಿಂದ ತರಿಸ್ಬೇಕು, ನಾಲ್ಕು ದಿನ ಆಗುತ್ತೆ. ಅಲ್ಲೀವರೆಗೆ ಸಕ್ಕರೆ. ಗ್ಲೂಕೋಸ್ ಹಾಕಿ, ಎಷ್ಟು ತಡ್ಕೋತಾಳೋ ಅಷ್ಟು."

ಸಕ್ಕರೆ.

ಮಾರ್ಚ್ 17, ಸೋಮವಾರ

ಗ್ಲೂಕೋಸ್ ಶುರು ಮಾಡಿದ ಮರುದಿನವೇ ಉಸಿರು ಸೋತಿತು, ಐ.ಸಿ.ಯು.ಗೆ ಹೋದಳು. ಮೂರು ದಿನದಿಂದ ಮಿಷನ್ ಉಸಿರಾಡಿಸುತ್ತಿದೆ. ಇವತ್ತು ಔಷಧಿ ಬಂತು. ಬದುಕುತ್ತಾಳೋ ಇಲ್ಲವೋ ಡಾಕ್ಟರು ಹೇಳುತ್ತಿಲ್ಲ. ನಾನು ಕೇಳುತ್ತಿಲ್ಲ.

ಹಳೇ ಚಾರ್ಟು ತೆಗೆದು ನೋಡಿದೆ. ನೋಡಬಾರದಿತ್ತು. ಮೂರನೇ ತಾರೀಕು ಪಲ್ಸು 130. ಫ್ಲಾಸ್ಕು ಬಂದ ನಾಲ್ಕನೇ ತಾರೀಕಿಗೆ 112. ಐದಕ್ಕೆ 98. ಫ್ಲಾಸ್ಕು ಬೀರುವಿಗೆ ಹೋದ ಮಾರನೇ ದಿನ 124. ಆಮೇಲೆ ಏರಿದ್ದೇ ಏರಿದ್ದು. ಎಲ್ಲ ನನ್ನದೇ ಕೈಬರಹ, ಗುಂಡಗೆ, ತಪ್ಪಿಲ್ಲದೆ. ಕೆಳಗೆ ದಿನವೂ — ಬಣ್ಣ ಸಾಮಾನ್ಯ, ಬಣ್ಣ ಸಾಮಾನ್ಯ. ಸುಳ್ಳೇನಲ್ಲ. ಐದು ನಿಮಿಷದಲ್ಲಿ ಚೆಲ್ಲಿದರೆ ಯಾವ ಬಣ್ಣವೂ ಸಾಮಾನ್ಯವೇ. ಹಿಂದಿನ ಎರಡು ಸಲವೂ ಇದೇ ವಾರ್ಡು, ಇದೇ ಕಾನೂನು.

ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅಂತಾರೆ. ನನ್ನ ಕಣ್ಣಿಗೆ ಲೋಕವೆಲ್ಲ ಕಳ್ಳರು. ಕಾಣಬೇಕಾದ ಒಂದು ಮಾತ್ರ ಕಾಣಲಿಲ್ಲ.

ಗೇಟಿಗೆ ನಾನೇ ಹೋದೆ. ಅಲ್ಲೇ ಇದ್ದಳು. "ಒಳಗೆ ಬಾ," ಅಂದೆ. ನನ್ನ ಮುಖವನ್ನೂ ನೋಡದೆ ಮೆಟ್ಟಿಲು ಹತ್ತಿ ಓಡಿದಳು.

ಮಾರ್ಚ್ 21, ಶುಕ್ರವಾರ

ಲ್ಯಾಬಿನಿಂದ ಚೀಟಿ. ಫ್ಲಾಸ್ಕಿನಲ್ಲಿದ್ದದ್ದು ನೀರು, ನಿಂಬೆರಸ, ಸಕ್ಕರೆ. ಬೇರೇನೂ ಇಲ್ಲ.

ಏಪ್ರಿಲ್ 2, ಬುಧವಾರ

ಮಿಷನ್ ತೆಗೆದು ಐದು ದಿನ. ಟೀಚರು ವಾಪಸ್ ಆರನೇ ಬೆಡ್ಡಿಗೆ. ಬೆರಳಿಗೆ ಇನ್ನೂ ಬಲ ಸಾಲದು, ಬೆಲ್ ಒತ್ತಲಾಗದು. ವ್ಯಾಯಾಮ ಮಾಡಿಸುವವರು ವಿಸಿಲ್ ಬಾಯಿಗಿಟ್ಟು ಊದಿಸುತ್ತಿದ್ದಾರೆ. ಮೊದಲ ದಿನ ಬರೀ ಗಾಳಿ. ಇವತ್ತು ಪೀ ಅಂತು! ಇಡೀ ವಾರ್ಡು ಬೆಚ್ಚಿತು. ಒಂಬತ್ತನೇ ಬೆಡ್ಡಿನ ಅಜ್ಜಿ ರೈಲು ಬಂತಾ ಅಂತ ಎದ್ದು ಕೂತಳು. ಎಷ್ಟು ದಿನವಾಗಿತ್ತು ನಾನು ನಕ್ಕು.

ಡಾಕ್ಟರು ಆಯಾಳನ್ನು ಕರೆದು, "ಬಾಟಲಿ ಕಿಟಕೀಲಿಟ್ಟು ಜೀವ ಉಳಿಸಿದ್ದು ನೀನೇ ಕಣಮ್ಮ," ಅಂದರು. ಆಯಾ ನನ್ನ ಕಡೆ ನೋಡಿ, "ನಾನಿಟ್ಟಿಲ್ಲ ಸಾರ್," ಅಂದಳು. ಹೊಗಳಿದರೂ ಒಪ್ಪಿಕೊಳ್ಳಲಾರಳು. ಅಷ್ಟು ಹೆದರಿಸಿಟ್ಟಿದ್ದೇನೆ. ಮಂಡಿಗೆ ಎಣ್ಣೆ ತಂದುಕೊಟ್ಟೆ. ಇದರಲ್ಲೇನಿದೆಯೋ ಅನ್ನುವ ಹಾಗೆ ಮೂಸಿ ನೋಡಿದಳು. ನನ್ನಿಂದಲೇ ಕಲಿತದ್ದು.

ಸಂಜೆ ಟೀಚರು ಒಡಕು ದನಿಯಲ್ಲಿ ಹೇಳಿದಳು. "ಆ ಸಿರಿಂಜು ಅವಳದೇ ಸಿಸ್ಟರ್. ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಮದುವೆ ಮಾತು ನಡೀತಿತ್ತು, ಹುಡುಗನ ಕಡೆಯವರಿಗೆ ಗೊತ್ತಾಗ್ಬಾರ್ದು ಅಂತ ಮುಚ್ಚಿಟ್ಟಿದ್ವಿ. ಅವತ್ತು ಶರಬತ್ತು ಕುಡಿಯದೇ ಇದ್ದಿದ್ದೂ ಅದಕ್ಕೇ. ಈಗ ಎಲ್ರಿಗೂ ಗೊತ್ತಾಯ್ತು. ಅವರು ಬೇಡ ಅಂದ್ರಂತೆ. ಇವಳಣ್ಣನೂ ಮೊನ್ನೇವರೆಗೆ ಇವಳ ಹತ್ರ ಮಾತಾಡ್ತಿರಲಿಲ್ಲ."

ಬ್ಯಾಗಿನ ಜಿಪ್ ತೆಗೆದ ಕೈ ಇದೇ. ಬರೆಯುತ್ತಿರುವುದೂ ಇದೇ.

ಮೇ 4, ಭಾನುವಾರ. 11.20

ನಾಳೆ ಟೀಚರಿಗೆ ಡಿಸ್ಚಾರ್ಜ್. ಕೋಲು ಹಿಡಿದು ಬಾಗಿಲವರೆಗೆ ನಡೆದಳು. ಪೂರ್ತಿ ಸರಿಹೋಗಲು ವರ್ಷ ಬೇಕಂತೆ.

ನಾದಿನಿಗೆ ಕ್ಷಮಿಸು ಅನ್ನಬೇಕು. ನಾಲ್ಕು ವಾರದಿಂದ ಬಾಯಿಪಾಠ ಮಾಡುತ್ತಿದ್ದೇನೆ. ಕೆಂಪು ಫ್ಲಾಸ್ಕು ಬಿಸಿನೀರಲ್ಲಿ ತೊಳೆದು ಬೆಳಿಗ್ಗೆ ಬೆಡ್ಡಿನ ಪಕ್ಕ ಇಟ್ಟು ಬಂದೆ, ಕಳ್ಳಿಯ ಹಾಗೆ, ಯಾರೂ ಇಲ್ಲದಾಗ. ಇವತ್ತು ಹೇಳುತ್ತೇನೆ. ಊಟದ ಹೊತ್ತಿಗೆ. ಇಲ್ಲ, ರೌಂಡ್ಸ್ ಮುಗಿಯಲಿ...

ಬಂದಳು. ಬಾಗಿಲಲ್ಲಿ ನಿಂತಿದ್ದಾಳೆ. ಕೈಯಲ್ಲಿ ಅದೇ ಫ್ಲಾಸ್ಕು, ಒಂದು ಲೋಟ. ಈ ಪುಸ್ತಕದ ಪಕ್ಕಕ್ಕೇ ಲೋಟ ಇಟ್ಟು ಬಗ್ಗಿಸಿದಳು.

"ಅತ್ತಿಗೆಗೆ ಕೊಡೋಕೆ ಮುಂಚೆ ನೀವು ಕುಡಿದು ನೋಡಿ ಸಿಸ್ಟರ್. ನನಗಾಗಲ್ಲ. ಯಾಕೆ ಅಂತ ನಿಮಗೆ ಗೊತ್ತಲ್ಲ."

ನಗುತ್ತಿಲ್ಲ. ಕೈ ಕಟ್ಟಿಕೊಂಡು ಕಾಯುತ್ತಿದ್ದಾಳೆ. ಅವಳ ಮುಖ ನೋಡಲಾಗದೆ ಬರೆಯುತ್ತಿದ್ದೇನೆ. ಒಂದು ಗುಟುಕು ಕುಡಿದೆ. ಎಷ್ಟು ಸಕ್ಕರೆ ಹಾಕಿದ್ದಾಳೆ ಹುಡುಗಿ, ಹಲ್ಲು ಜುಮ್ಮೆನ್ನುತ್ತೆ. ಲೋಟ ಕೆಳಗಿಟ್ಟೆ.

"ಪೂರ್ತಿ," ಅಂದಳು.

ಪೂರ್ತಿ ಕುಡಿದು, ಅವಳ ಕಣ್ಣು ನೋಡಿ, "ಕ್ಷಮಿಸು," ಅಂದೆ.