ಹೊಸಹೊಳಲಿನಿಂದ ದೋಹಾಕ್ಕೆ ನುಗ್ಗೆಕಾಯಿ

ಹೊಸಹೊಳಲು, ಕೆ.ಆರ್. ಪೇಟೆ ತಾಲ್ಲೂಕು
೨೦ ಜುಲೈ ೨೦೨೫

ಪ್ರೀತಿಯ ನನ್ನವರಿಗೆ,

ಸೊಂಟದ ನೋವು ಹೇಗಿದೆ? ವಿಮಾನಕ್ಕೆ ಸರಕು ಏರಿಸುವಾಗ ಬಾಗಿ ಎತ್ತಬೇಡಿ, ಮಂಡಿ ಮಡಚಿ ಎತ್ತಿ. ಆ ಬಿಸಿಲಿಗೆ ಮಜ್ಜಿಗೆ ಕುಡಿಯುವುದನ್ನು ಬಿಡಬೇಡಿ. ಇಲ್ಲಿ ಅತ್ತೆ, ಹಸು, ನಾನು ಮೂವರೂ ಚೆನ್ನಾಗಿದ್ದೇವೆ. ಫೋನು ಮಾಡಿದರೆ ಅತ್ತೆ ಪಕ್ಕದಲ್ಲೇ ನಿಂತಿರುತ್ತಾರೆ, ಅರ್ಧ ಮಾತು ಅವರದೇ. ರಜಕ್ಕೆ ಬಂದಿದ್ದ ನಿಮ್ಮ ರೂಮಿನ ಮರಿಸ್ವಾಮಿ ನಾಳೆ ದೋಹಾಕ್ಕೆ ಹಿಂದಿರುಗುತ್ತಿದ್ದಾನೆ, ಅದಕ್ಕೇ ಈ ಕಾಗದ.

ನಮ್ಮ ಸಂಘದ ಹೆಂಗಸರು ಮೊದಲ ಸಲ ದೋಹಾದ ಅಂಗಡಿಗೆ ನುಗ್ಗೆಕಾಯಿ ಕಳಿಸಹೊರಟ ದಿನದ ಕಥೆಯನ್ನು ನಿಮಗೆ ಪೂರ್ತಿ ಹೇಳಿಲ್ಲ. ಎಳೆಕಾಯಿ ಆರಿಸಿ, ಒರೆಸಿ, ಪೆಟ್ಟಿಗೆಗೆ ತುಂಬಿ, ವ್ಯಾನಿನ ಜೊತೆ ನಾನೇ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ತಪಾಸಣೆಯೂ ಮುಗಿದಿತ್ತು. ಅಷ್ಟರಲ್ಲಿ ನಿಮ್ಮ ಕಡೆ ಕ್ಷಿಪಣಿ ಹಾರಿ ಆಕಾಶದ ದಾರಿ ಮುಚ್ಚಿದೆ ಅಂದರು. ವಿಮಾನ ಹೊರಡಲಿಲ್ಲ. ನಿಮ್ಮ ಫೋನೂ ಸಿಗಲಿಲ್ಲ. ಕಾಯಿ ಯಾರಿಗೆ ಬೇಕಿತ್ತು ಆಗ! ಗೋದಾಮಿನ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಕೊನೆಗೆ "ಚೆನ್ನಾಗಿವ್ನಿ ಕಣೆ, ಉಣ್ತಾ ಕುಂತಿವ್ನಿ" ಅಂತ ನಿಮ್ಮ ದನಿ ಕೇಳಿದಾಗ ನನಗೆ ಬಂದದ್ದು ಸಿಟ್ಟು.

ಪೆಟ್ಟಿಗೆಗಳೆಲ್ಲ ಊರಿಗೇ ವಾಪಸು ಬಂದವು. "ಅಲ್ಲೆಲ್ಲೋ ಆಕಾಸ ಮುಚ್ಚುದ್ರೆ ನಮ್ಮ ನುಗ್ಗೇಕಾಯಿ ಯಾಕವ್ವಾ ಬಾಡ್ಬೇಕು?" ಅಂದ ಅತ್ತೆ, ಒಂದು ಪೆಟ್ಟಿಗೆ ಹೊತ್ತು ಕೆ.ಆರ್. ಪೇಟೆ ಬಸ್ಸು ಹತ್ತಿಯೇಬಿಟ್ಟರು. ನಾವೂ ಹಿಂದೆ ಹೋದೆವು. "ಏರೋಪ್ಲೇನ್ ಕಾಯಿ ಬನ್ರವ್ವಾ!" ಅಂತ ಅವರು ಮಾರ್ಕೆಟ್ಟಿನಲ್ಲಿ ಕೂಗಿದ್ದನ್ನು ನೀವು ಕೇಳಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ಎಲ್ಲಾ ಖಾಲಿ. ದಾರಿ ತೆರೆದ ಮೇಲೆ ಮತ್ತೆ ಕಳಿಸುವುದೋ ಬೇಡವೋ ಎಂದು ಸಂಘದಲ್ಲಿ ಜಗಳವಾಯಿತು. ಅರ್ಧ ಜನ ಹಿಂದೆ ಸರಿದರು. ಉಳಿದವರು ಕಳಿಸಿದೆವು, ಕಾಯಿ ಮುಟ್ಟಿತು. ಅಲ್ಲಿಯ ಅಂಗಡಿಯವರು ಫೋಟೋ ಹಾಕಿದ್ದಾರೆ: ಯಾವುದೋ ದೇಶದ ಸೇಬು, ಇನ್ಯಾವುದೋ ದೇಶದ ಈರುಳ್ಳಿ, ನಡುವೆ ನಮ್ಮ ಹಿತ್ತಲ ನುಗ್ಗೆ! ಅತ್ತೆ ಅದನ್ನು ಹಾಲಿನ ಡೈರಿಯಲ್ಲಿ ಯಾರಿಗೂ ತೋರಿಸದೆ ಬಿಟ್ಟಿಲ್ಲ. ಹಿಂದೆ ಸರಿದವರೂ ಈಗ ಸಸಿ ಕೇಳುತ್ತಿದ್ದಾರೆ.

ಹುರಿಗಾಳು ಕಳಿಸಿದ್ದೇನೆ, ಮರಿಸ್ವಾಮಿ ದಾರಿಯಲ್ಲೇ ಮುಗಿಸದಿದ್ದರೆ ಸಿಗುತ್ತದೆ. ಮಗನ ತಲೆ ಸವರಿದ್ದೇನೆಂದು ಬರೆ ಅಂದರು ಅತ್ತೆ, ಬರೆದಿದ್ದೇನೆ.

ನಿಮ್ಮ
ಪ್ರಮೀಳಾ

ಇನ್ನೊಂದು ಮಾತು, ಬರೆಯಲು ಧೈರ್ಯ ಸಾಲದೆ ಉಳಿದದ್ದು: ಅಂಗಡಿಯವರು ಸಂಘದಿಂದ ಒಬ್ಬರು ಬಂದು ಅಲ್ಲಿಯ ಮಾರುಕಟ್ಟೆ ನೋಡಲಿ ಎಂದು ಕರೆದಿದ್ದಾರೆ. ಎಲ್ಲರೂ ನನ್ನ ಹೆಸರು ಹೇಳಿದರು. "ಓಗ್ಬಾ, ಮನೆ, ಅಸ ನಾನ್ ನೋಡ್ಕತೀನಿ" ಅಂದರು ಅತ್ತೆ. ನಿಮ್ಮನ್ನು ಕೇಳದೆ ಹೂಂ ಅಂದುಬಿಟ್ಟೆ. ಪಾಸ್‌ಪೋರ್ಟಿಗೆ ಮಂಡ್ಯಕ್ಕೆ ಹೋಗಿಬಂದದ್ದೂ ಆಯಿತು. ದಸರೆ ಮುಗಿಸಿ ವಿಮಾನ ಹತ್ತುತ್ತೇನೆ. ಬರಲೋ ಬೇಡವೋ ಎಂದು ಕೇಳುತ್ತಿಲ್ಲ. ಏನು ತರಲಿ, ಅಷ್ಟು ಬರೆಯಿರಿ.